ಎದುರಾಳಿ ಕೋಚ್ ಮೊರಿನ್ಯೊ: ಮಂಗಳೂರಿನ ಒಬ್ಬ ಆರ್ಸೆನಲ್ ಅಭಿಮಾನಿಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನೆಹರೂ ಮೈದಾನದ ಬದಿಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಉಡುಪಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ, ರಾತ್ರಿ ಎರಡು ಗಂಟೆಯ ವಾಟ್ಸ್‌ಆ್ಯಪ್ ಸಂದೇಶದಲ್ಲಿ ಕೇಳಿದ ಪ್ರಶ್ನೆಗಳಿವು. ಎಷ್ಟೋ ವರ್ಷಗಳಿಂದ ಒಬ್ಬರಲ್ಲ ಒಬ್ಬರು ಕೇಳುತ್ತಲೇ ಇದ್ದಾರೆ, ನಾನು ಅರ್ಧಂಬರ್ಧ ಉತ್ತರ ಕೊಡುತ್ತಲೇ ಇದ್ದೇನೆ. ಈ ಸಲ ಪೂರ್ತಿ ಬರೆದಿದ್ದೇನೆ. ಪ್ರಶ್ನೆ ಕೇಳಿದವರ ಮಾತನ್ನು ಇದ್ದ ಹಾಗೆಯೇ ಇಟ್ಟಿದ್ದೇನೆ.

## ಮೊದಲು ತಿಳಿಯಬೇಕಾದ್ದು

ಯಾರು ಈ ಜನ? ಹೆಸರು ‘ಹೊಸೆ’ಯಾ, ‘ಜೋಸೆ’ಯಾ?

ಜೋಸೆ ಮೊರಿನ್ಯೊ, ಫುಟ್‌ಬಾಲ್ ಕೋಚ್. ‘ಹೊಸೆ’ ಸ್ಪೇನ್‌ನವರ ಉಚ್ಚಾರ, ಇವರು ಪೋರ್ಚುಗಲ್‌ನವರು. ಲಿಸ್ಬನ್‌ನ ದಕ್ಷಿಣಕ್ಕಿರುವ ಸೆತೂಬಲ್ ಎಂಬ ಬಂದರು ಪಟ್ಟಣದಲ್ಲಿ 1963ರ ಜನವರಿ 26ರಂದು ಹುಟ್ಟಿದವರು. ನಮ್ಮ ಮಲ್ಪೆಯ ಹಾಗೆ ಮೀನಿನಿಂದ ಬದುಕಿದ ಊರು ಅದು. ಅಪ್ಪ ಫೆಲಿಕ್ಸ್ ಗೋಲ್‌ಕೀಪರ್ ಆಗಿದ್ದರು, ಪೋರ್ಚುಗಲ್ ತಂಡಕ್ಕೆ ಒಂದು ಪಂದ್ಯ ಆಡಿದ್ದರು. ಮಗ ಕೋಚ್ ಆಗಿ ಹೆಸರು ಮಾಡಿದ್ದು ಪೋರ್ಟೊದಲ್ಲಿ. ಆಮೇಲೆ ಚೆಲ್ಸಿ, ಇಂಟರ್ ಮಿಲಾನ್, ರಿಯಲ್ ಮ್ಯಾಡ್ರಿಡ್, ಮತ್ತೆ ಚೆಲ್ಸಿ, ಮ್ಯಾಂಚೆಸ್ಟರ್ ಯುನೈಟೆಡ್, ಟಾಟನಮ್, ರೋಮಾ, ಟರ್ಕಿಯ ಫೆನರ್‌ಬಾಚೆ. 2025ರ ಸೆಪ್ಟೆಂಬರ್‌ನಲ್ಲಿ ಬೆನ್ಫಿಕಾ ಸೇರಿದರು.

ನೀವು ಆರ್ಸೆನಲ್ ಅಲ್ವಾ ಮಾರಾಯ್ರೆ? ಅವನ ಸುದ್ದಿ ನಿಮಗೆ ಎಂತಕ್ಕೆ?

ಲಂಡನ್ನಿನ ಆರ್ಸೆನಲ್ ಕ್ಲಬ್ಬಿನ ಅಭಿಮಾನಿ ಆದ ಕಾರಣಕ್ಕೇ. ಎದುರಾಳಿಯನ್ನು ಸೋತವನಷ್ಟು ಹತ್ತಿರದಿಂದ ಯಾರೂ ನೋಡುವುದಿಲ್ಲ.

2014ರ ಮಾರ್ಚ್ 22, ಶನಿವಾರ. ನಮ್ಮ ಕೋಚ್ ಆರ್ಸೀನ್ ವೆಂಗರ್ ಆರ್ಸೆನಲ್ ಜತೆ ಸಾವಿರನೇ ಪಂದ್ಯಕ್ಕೆ ಇಳಿದ ದಿನ, ಎದುರು ಮೊರಿನ್ಯೊ ಅವರ ಚೆಲ್ಸಿ. ನಮ್ಮಲ್ಲಿ ಸಂಜೆ ಆರೂಕಾಲಕ್ಕೆ ಮ್ಯಾಚ್ ಶುರು. ಕದ್ರಿಯಲ್ಲಿ ಗೆಳೆಯನ ಮನೆಯ ಚಾವಡಿಯಲ್ಲಿ ಕೂತಿದ್ದೆವು. ಅವನು ಚೆಲ್ಸಿ, ನಾನು ಆರ್ಸೆನಲ್. ಅವನ ಅಮ್ಮ ಒಳಗೆ ಗೋಳಿಬಜೆ ಕಾಯಿಸುತ್ತಿದ್ದರು. ಐದನೇ ನಿಮಿಷಕ್ಕೆ ಎಟೊ ಗೋಲು. ಏಳನೇ ನಿಮಿಷಕ್ಕೆ ಶುರ್ಲೆ. ಹದಿನೇಳನೇ ನಿಮಿಷಕ್ಕೆ ಹಜಾರ್ಡ್ ಪೆನಾಲ್ಟಿ. ಅದರ ನಡುವೆ ಚೇಂಬರ್ಲಿನ್ ಕೈಯಿಂದ ಚೆಂಡು ತಡೆದರೆ ರೆಫರಿ ಕೆಂಪು ಕಾರ್ಡ್ ತೋರಿಸಿದ್ದು ಗಿಬ್ಸ್‌ಗೆ. ಮೊದಲ ಬಾಣಲೆಯ ಗೋಳಿಬಜೆ ತಟ್ಟೆಗೆ ಬರುವಾಗ 3-0. ಕೊನೆಗೆ 6-0. ಗೆಳೆಯ ಮೂರನೇ ಗೋಲಿನ ನಂತರ ಬೊಬ್ಬೆ ನಿಲ್ಲಿಸಿದ. ನನ್ನ ಮುಖ ನೋಡಿ ಅವನಿಗೇ ಬೇಜಾರಾಗಿತ್ತು.

ಮನೆಗೆ ಬಂದು ಮಲಗಿದರೂ ನಿದ್ದೆ ಬರಲಿಲ್ಲ. ಆ ಮೊದಲ ಏಳು ನಿಮಿಷ ತಲೆಯಲ್ಲಿ ತಿರುಗುತ್ತಿತ್ತು. ನಮ್ಮ ನಡುಮೈದಾನದ ಆಟಗಾರನಿಗೆ ಚೆಂಡು ಸಿಕ್ಕಿದ ಕೂಡಲೇ ಇಬ್ಬರು ಮೇಲೆ ಬೀಳುತ್ತಿದ್ದರು, ಕಿತ್ತ ಚೆಂಡು ಎರಡು ಪಾಸಿನಲ್ಲಿ ನಮ್ಮ ಗೋಲಿನ ಮುಂದೆ ಇರುತ್ತಿತ್ತು. ನಾವು ಎಲ್ಲಿ ಚೆಂಡು ಕಳೆದುಕೊಳ್ಳುತ್ತೇವೆ ಎಂದು ಆ ಮನುಷ್ಯನಿಗೆ ಮೊದಲೇ ಗೊತ್ತಿತ್ತು. ಅವತ್ತಿನಿಂದ ಅವರನ್ನು ಬರೀ ಬೈದು ಬಿಟ್ಟುಬಿಡುವುದು ನನ್ನಿಂದ ಆಗಲಿಲ್ಲ.

‘ಸ್ಪೆಷಲ್ ವನ್’ ಅಂತ ಅವನೇ ಹೆಸರಿಟ್ಟುಕೊಂಡದ್ದಂತೆ, ಹೌದಾ?

ಮಾತು ಅವರದ್ದೇ. 2004ರಲ್ಲಿ ಚೆಲ್ಸಿಗೆ ಬಂದಾಗ ಪತ್ರಕರ್ತರ ಎದುರು, ನನ್ನನ್ನು ಅಹಂಕಾರಿ ಅನ್ನಬೇಡಿ, ನಾನು ಯುರೋಪಿನ ಚಾಂಪಿಯನ್, ನಾನೊಬ್ಬ ವಿಶೇಷ ವ್ಯಕ್ತಿ ಅಂದುಕೊಂಡಿದ್ದೇನೆ ಎಂಬ ಅರ್ಥದಲ್ಲಿ ಹೇಳಿದರು. ‘ಒಬ್ಬ ವಿಶೇಷ ವ್ಯಕ್ತಿ’ ಎಂದು ಅವರು ಹೇಳಿದ್ದನ್ನು ಪತ್ರಿಕೆಗಳು ‘ಆ ಒಬ್ಬನೇ ಒಬ್ಬ’ ಎಂದು ಮಾಡಿದವು. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕೆಲವೇ ದಿನ ಮೊದಲು, ಮೇ 26ರಂದು, ಗೆಲ್ಸೆನ್‌ಕಿರ್ಖೆನ್‌ನಲ್ಲಿ ಅವರ ಪೋರ್ಟೊ ತಂಡ ಮೊನಾಕೊವನ್ನು 3-0 ಸೋಲಿಸಿ ಚಾಂಪಿಯನ್ಸ್ ಲೀಗ್ ಎತ್ತಿತ್ತು.

ಒಟ್ಟು ಕಪ್ ಎಷ್ಟು ಉಂಟು?

ದೊಡ್ಡದನ್ನು ಮಾತ್ರ ಎಣಿಸುವಾ. ನಾಲ್ಕು ದೇಶಗಳಲ್ಲಿ 8 ಲೀಗ್: ಪೋರ್ಟೊಗೆ 2, ಚೆಲ್ಸಿಗೆ 3, ಇಂಟರ್‌ಗೆ 2, ರಿಯಲ್‌ಗೆ 1. ಚಾಂಪಿಯನ್ಸ್ ಲೀಗ್ 2. ಯುಇಎಫ್‌ಎ ಕಪ್ ಮತ್ತು ಅದರ ಈಗಿನ ರೂಪ ಯುರೋಪಾ ಲೀಗ್ ಸೇರಿ 2. ಕಾನ್ಫರೆನ್ಸ್ ಲೀಗ್ 1. ಈ ಮೂರೂ ಯುರೋಪಿಯನ್ ಕಪ್ ಗೆದ್ದ ಮೊದಲ ಕೋಚ್ ಇವರು.

## ಆಟದ ವಿಷಯ

ಅವ ಬಸ್ ನಿಲ್ಲಿಸಿ ಗೆಲ್ಲುವುದಲ್ವಾ? ಅದರಲ್ಲಿ ಎಂತ ಹೆಚ್ಚುಗಾರಿಕೆ?

ನನಗೆ ಅತಿ ಹೆಚ್ಚು ಸಲ ಬಂದ ಪ್ರಶ್ನೆ ಇದು. ಅದಕ್ಕೆ ಉತ್ತರವೂ ಉದ್ದ.

ಇಡೀ ತಂಡವೇ ಗೋಲಿನ ಮುಂದೆ ಅಡ್ಡ ನಿಂತು ತಡೆಯುವುದಕ್ಕೆ ಹೇಳುವ ‘ಬಸ್’ ಮಾತನ್ನು ಇಂಗ್ಲೆಂಡಿಗೆ ತಂದವರೇ ಮೊರಿನ್ಯೊ, ಅದೂ ಬೇರೆಯವರನ್ನು ದೂರಲು. 2004ರ ಸೆಪ್ಟೆಂಬರ್‌ನಲ್ಲಿ ಟಾಟನಮ್ ತಂಡ ಚೆಲ್ಸಿಯ ಮೈದಾನಕ್ಕೆ ಬಂದು 0-0 ಮಾಡಿಕೊಂಡು ಹೋಯಿತು. ಬಸ್ಸು ತಂದು ಗೋಲಿನ ಮುಂದೆ ಬಿಟ್ಟರು ಎಂದು ನಮ್ಮ ಪೋರ್ಚುಗಲ್‌ನಲ್ಲಿ ಹೇಳುತ್ತೇವೆ ಅಂದರು ಅವರು. ಮುಂದೆ ಆ ಮಾತು ಅವರಿಗೇ ಅಂಟಿಕೊಂಡಿತು.

ಆ ವರ್ಷದ ಚೆಲ್ಸಿ ಬರೀ ತಡೆಯುವ ತಂಡವೇನೂ ಆಗಿರಲಿಲ್ಲ. ಒಂದು ಕಡೆ ರಾಬೆನ್, ಇನ್ನೊಂದು ಕಡೆ ಡಫ್, ಎದುರು ದ್ರೋಗ್ಬಾ, ಹಿಂದಿನಿಂದ ಓಡಿ ಬರುವ ಲ್ಯಾಂಪಾರ್ಡ್. 38 ಪಂದ್ಯಗಳಲ್ಲಿ 95 ಅಂಕ, ಬಿಟ್ಟುಕೊಟ್ಟ ಗೋಲು ಬರೀ 15. ಅದರ ಹಿಂದಿನ ವರ್ಷ ಒಂದೂ ಸೋಲದೆ ಲೀಗ್ ಗೆದ್ದ ನಮ್ಮ ಆರ್ಸೆನಲ್ ಕೂಡ 26 ಗೋಲು ಬಿಟ್ಟುಕೊಟ್ಟಿತ್ತು. 2011-12ರಲ್ಲಿ ಅವರ ರಿಯಲ್ ಮ್ಯಾಡ್ರಿಡ್ 121 ಗೋಲು ಹೊಡೆದು 100 ಅಂಕ ಗಳಿಸಿ ಸ್ಪೇನ್ ಲೀಗ್ ಗೆದ್ದಿತು. ನಿಂತ ಬಸ್ಸು 121 ಗೋಲು ಹೊಡೆಯುವುದಿಲ್ಲ.

ಇನ್ನು ಬಸ್ ನಿಲ್ಲಿಸುವುದು. ಅದು ಸುಲಭ ಅಂತ ನಾವು ತಿಳಿದದ್ದೇ ತಪ್ಪು. ಮಲ್ಪೆ ಕಡೆ ಕೈರಂಪಣಿ ಬಲೆ ಎಳೆಯುವುದನ್ನು ದಡದಲ್ಲಿ ನಿಂತು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಎರಡು ಬದಿಯಲ್ಲೂ ಹಗ್ಗ ಹಿಡಿದವರು ಒಂದೇ ತಾಳದಲ್ಲಿ ಹಿಂದೆ ಸರಿಯಬೇಕು. ಒಂದು ಬದಿಯವರು ಅವಸರ ಮಾಡಿದರೆ, ಇನ್ನೊಂದು ಬದಿಯವರು ಸಡಿಲ ಬಿಟ್ಟರೆ ಬಲೆಯ ಆಕಾರ ಕೆಟ್ಟು ಮೀನು ಹೊರಗೆ. ಹಿಂದಿನ ನಾಲ್ವರು, ಅವರ ಮುಂದಿನ ನಾಲ್ವರು ಚೆಂಡು ಎಡಕ್ಕೆ ಹೋದರೆ ಒಟ್ಟಿಗೆ ಎಡಕ್ಕೆ, ಬಲಕ್ಕೆ ಹೋದರೆ ಒಟ್ಟಿಗೆ ಬಲಕ್ಕೆ. ಎರಡು ಸಾಲಿನ ನಡುವಿನ ಜಾಗ ಹಿಗ್ಗಬಾರದು. ಎದುರಾಳಿಗೆ ನಡುವಿನ ದಾರಿ ಮುಚ್ಚಿ ಅಂಚಿನ ದಾರಿ ಬಿಡಬೇಕು, ಅಲ್ಲಿಂದ ಎತ್ತಿ ಹಾಕಿದ ಚೆಂಡನ್ನು ಎತ್ತರದ ಡಿಫೆಂಡರ್‌ಗಳು ತಲೆಯಿಂದ ಹೊಡೆದು ಕಳಿಸಬೇಕು. ತೊಂಬತ್ತು ನಿಮಿಷ ಹನ್ನೊಂದು ಜನರ ಗಮನ ಒಂದು ಕ್ಷಣವೂ ಕದಲಬಾರದು. ಗೋಲು ಹೊಡೆದು ಕೋಟಿ ಕೋಟಿ ದುಡಿಯುವ ಆಟಗಾರರನ್ನು ಇದಕ್ಕೆ ಒಪ್ಪಿಸುವುದು ಇದೆಯಲ್ಲ, ಅದು ಎಲ್ಲ ಕೋಚ್‌ಗಳ ಕೈಯಲ್ಲಿ ಆಗುವ ಕೆಲಸವಲ್ಲ.

ನೋಡಲು ಚಂದವಾ ಎಂದು ಕೇಳಿದರೆ ನನಗೆ ವೆಂಗರ್ ಆಟವೇ ಚಂದ. ಯಾವತ್ತೂ ಅದೇ ಚಂದ.

2010ರಲ್ಲಿ ಬಾರ್ಸಿಲೋನಾದಲ್ಲಿ ಇಂಟರ್ ಆಡಿದ್ದು ಫುಟ್‌ಬಾಲಾ? ಚೆಂಡೇ ಮುಟ್ಟಲಿಲ್ಲ ಅವರು!

ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನ ಎರಡು ಪಂದ್ಯಗಳಲ್ಲಿ ಎರಡನೆಯದು, ಏಪ್ರಿಲ್ 28ರದ್ದು, ನಮಗೆ ನಡುರಾತ್ರಿ ಹನ್ನೆರಡೂಕಾಲು. ಮಂಗಳೂರಿನ ಏಪ್ರಿಲ್ ಸೆಕೆಯಲ್ಲಿ ಫ್ಯಾನಿನ ಕೆಳಗೂ ಬನಿಯನ್ ಒದ್ದೆ. ಕೋಣೆಯಲ್ಲಿ ಇದ್ದವರೆಲ್ಲ ಬಾರ್ಸಾ ಪರ, ನಾನೂ ಅವತ್ತು ಅವರ ಪರವೇ.

ಮಿಲಾನ್‌ನ ಮೊದಲ ಪಂದ್ಯವನ್ನು ಇಂಟರ್ 3-1 ಗೆದ್ದಿತ್ತು. ಅದನ್ನು ಎಲ್ಲರೂ ಮರೆಯುತ್ತಾರೆ. ಮೆಸ್ಸಿ ಇದ್ದ, ಹಿಂದಿನ ವರ್ಷವಷ್ಟೇ ಎಲ್ಲ ಗೆದ್ದಿದ್ದ ತಂಡಕ್ಕೆ ಮೂರು ಗೋಲು ಹೊಡೆದದ್ದು ಬಸ್ ನಿಲ್ಲಿಸಿ ಅಲ್ಲ. ಎರಡನೇ ಪಂದ್ಯದಲ್ಲಿ 28ನೇ ನಿಮಿಷಕ್ಕೆ ಥಿಯಾಗೊ ಮೊಟ್ಟಾಗೆ ಕೆಂಪು ಕಾರ್ಡ್. ಉಳಿದ ಒಂದು ಗಂಟೆಗಿಂತ ಹೆಚ್ಚು ಹೊತ್ತು ಹತ್ತೇ ಜನ. ಇಂಟರ್‌ನ ಎಟೊ ಒಂದು ವರ್ಷ ಮೊದಲು ಅದೇ ಮೈದಾನದಲ್ಲಿ ಬಾರ್ಸಾ ಪರ ಗೋಲು ಹೊಡೆಯುತ್ತಿದ್ದ ಫಾರ್ವರ್ಡ್. ಅವತ್ತು ಅವನು ತನ್ನದೇ ಪೆನಾಲ್ಟಿ ಬಾಕ್ಸ್ ಬಳಿ ಫುಲ್‌ಬ್ಯಾಕ್ ಹಾಗೆ ಓಡಾಡುತ್ತಿದ್ದ. ಅದನ್ನು ನೋಡುವಾಗ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. 84ನೇ ನಿಮಿಷಕ್ಕೆ ಪಿಕೆ ಗೋಲು ಹೊಡೆದಾಗ ಎಲ್ಲರೂ ಎದ್ದು ನಿಂತೆವು. ಆಮೇಲೆ ಬೊಯಾನ್ ಚೆಂಡು ಬಲೆಗೆ ಹಾಕಿದ, ಅದಕ್ಕೆ ಮೊದಲೇ ಯಾಯಾ ಟೂರೆ ಕೈಗೆ ತಾಗಿದೆ ಎಂದು ರೆಫರಿ ಸೀಟಿ ಊದಿದ್ದರು. 1-0, ಒಟ್ಟು 3-2, ಇಂಟರ್ ಫೈನಲ್‌ಗೆ. ಮೊರಿನ್ಯೊ ಬೆರಳು ಮೇಲೆತ್ತಿ ಮೈದಾನಕ್ಕೆ ಓಡಿದರು, ಇಂಟರ್‌ನವರು ಕುಣಿಯುತ್ತಿದ್ದಾಗಲೇ ಹುಲ್ಲಿಗೆ ನೀರು ಚಿಮ್ಮಿಸುವ ಪೈಪುಗಳು ಶುರುವಾದವು.

ಅದು ಫುಟ್‌ಬಾಲೇ. ಮುಂದಿನ ತಿಂಗಳು, ಮೇ 22ರಂದು, ಮಿಲಿಟೊ ಹೊಡೆದ ಎರಡು ಗೋಲಿನಿಂದ ಬಯರ್ನ್ ತಂಡವನ್ನು ಸೋಲಿಸಿ ಇಂಟರ್ ಒಂದೇ ವರ್ಷ ಲೀಗ್, ಇಟಲಿ ಕಪ್, ಚಾಂಪಿಯನ್ಸ್ ಲೀಗ್ ಮೂರನ್ನೂ ಗೆದ್ದಿತು. ಇಟಲಿಯ ಯಾವ ತಂಡವೂ ಅದಕ್ಕೆ ಮೊದಲು ಅದನ್ನು ಮಾಡಿರಲಿಲ್ಲ.

ದುಡ್ಡಿದ್ದ ಕ್ಲಬ್ಬಲ್ಲಿ ಯಾರು ಬೇಕಾದ್ರೂ ಗೆಲ್ತಾರೆ, ಅಲ್ವಾ?

ಚೆಲ್ಸಿ ಬಗ್ಗೆ ಈ ಮಾತಿಗೆ ತೂಕ ಉಂಟು. 2003ರಲ್ಲಿ ರಷ್ಯಾದ ಸಿರಿವಂತ ಅಬ್ರಮೊವಿಚ್ ಕ್ಲಬ್ ಕೊಂಡ ಮೇಲೆ ಹಣದ ಹೊಳೆ ಹರಿಯಿತು. ಅದೇ ಹಣ ಇದ್ದ ಮೊದಲ ವರ್ಷ ರಾನಿಯೆರಿ ಕೈಯಲ್ಲಿ ಚೆಲ್ಸಿ ಎರಡನೇ ಸ್ಥಾನದಲ್ಲಿ ನಿಂತಿತು. ಮೊರಿನ್ಯೊ ಬಂದ ಮೊದಲ ವರ್ಷವೇ ಐವತ್ತು ವರ್ಷದಿಂದ ಬಾರದ ಲೀಗ್ ಬಂತು.

ಪೋರ್ಟೊಗೆ ಈ ಮಾತು ಹೊಂದುವುದೇ ಇಲ್ಲ. ಅಲ್ಲಿ ಅವರು ಕಟ್ಟಿದ ತಂಡದ ಡೆರ್ಲೆ, ನುನೊ ವಾಲೆಂಟೆ ಇಬ್ಬರೂ ಬಂದದ್ದು ಯುನಿಯಾವ್ ಡಿ ಲೆಯ್ರಿಯಾ ಎಂಬ ಸಣ್ಣ ಕ್ಲಬ್ಬಿನಿಂದ, ಮೊರಿನ್ಯೊ ಅದಕ್ಕೆ ಮೊದಲು ಕೋಚ್ ಆಗಿದ್ದ ಜಾಗ. ಬೆನ್ಫಿಕಾದಲ್ಲಿ ಬೇಡವಾಗಿದ್ದ ಮನೀಶ್‌ಗೆ ಕೆಲಸ ಕೊಟ್ಟರು. ಇಂಥವರನ್ನು ಇಟ್ಟುಕೊಂಡು 2003ರಲ್ಲಿ ಸೆವಿಲ್‌ನಲ್ಲಿ ಸೆಲ್ಟಿಕ್ ವಿರುದ್ಧ 3-2ರಿಂದ ಯುಇಎಫ್‌ಎ ಕಪ್, ಮರುವರ್ಷ ಚಾಂಪಿಯನ್ಸ್ ಲೀಗ್. ಸೆವಿಲ್‌ನಲ್ಲಿ ಎರಡು ಗೋಲು ಹೊಡೆದವನು ಅದೇ ಡೆರ್ಲೆ. ಚೆಲ್ಸಿಯ ಎಲ್ಲ ಕಪ್‌ಗಳಿಗಿಂತ ಪೋರ್ಟೊದ ಆ ಎರಡು ವರ್ಷ ದೊಡ್ಡದು ಎಂದು ನನ್ನ ಅಭಿಪ್ರಾಯ.

ದೊಡ್ಡ ಆಟಗಾರನೇ ಅಲ್ಲದವ ಕೋಚ್ ಹೇಗಾದ?

ಭಾಷೆಯಿಂದ. 1992ರಲ್ಲಿ ಇಂಗ್ಲೆಂಡಿನ ಬಾಬಿ ರಾಬ್ಸನ್ ಲಿಸ್ಬನ್‌ನ ಸ್ಪೋರ್ಟಿಂಗ್ ಕ್ಲಬ್ಬಿಗೆ ಕೋಚ್ ಆಗಿ ಬಂದಾಗ ಮೊರಿನ್ಯೊ ಅವರ ದುಭಾಷಿ. ರಾಬ್ಸನ್ ಹಿಂದೆಯೇ ಪೋರ್ಟೊಗೆ, 1996ರಲ್ಲಿ ಬಾರ್ಸಿಲೋನಾಕ್ಕೆ ಹೋದರು. ರಾಬ್ಸನ್ ನಂತರ ಬಂದ ವಾನ್ ಗಾಲ್ ಕೂಡ ಇವರನ್ನು ಉಳಿಸಿಕೊಂಡರು. ಎದುರಾಳಿ ತಂಡವನ್ನು ನೋಡಿ ಬಂದು ವರದಿ ಬರೆಯುವುದರಲ್ಲಿ ಇವರದ್ದು ಎತ್ತಿದ ಕೈ ಆಗಿತ್ತು. ಮೈದಾನ ಸುತ್ತು ಹಾಕಿಸಿ ದಣಿಸುವ ಅಭ್ಯಾಸ ಇವರಲ್ಲಿ ಇಲ್ಲ. ಪೋರ್ಟೊ ವಿಶ್ವವಿದ್ಯಾಲಯದ ವೀಟರ್ ಫ್ರಾಡೆ ರೂಪಿಸಿದ ಪದ್ಧತಿಯಂತೆ ಓಟ, ದಮ್ಮು, ತಂತ್ರ ಎಲ್ಲವನ್ನೂ ಚೆಂಡಿನೊಟ್ಟಿಗೇ, ಆಟದ ರೂಪದಲ್ಲೇ ಅಭ್ಯಾಸ ಮಾಡಿಸುವುದು. ಈಗ ಇದು ಸಾಮಾನ್ಯ ಸಂಗತಿ, ಇಪ್ಪತ್ತು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಹೊಸದು.

## ಬಾಯಿಯ ವಿಷಯ

ಗೆಲ್ಲುವವನಿಗೆ ಅಷ್ಟು ದೊಡ್ಡ ಬಾಯಿ ಯಾಕೆ ಬೇಕು?

ಆ ಬಾಯಿಗೂ ಒಂದು ಕೆಲಸ ಉಂಟು. ಪಂದ್ಯಕ್ಕೆ ಮೊದಲು ಅವರೊಂದು ಕಿಡಿ ಹಾರಿಸಿದರೆ ಪತ್ರಿಕೆಗಳೆಲ್ಲ ಅವರ ಹಿಂದೆ ಹೋಗುತ್ತವೆ, ಆಟಗಾರರು ನಿಶ್ಚಿಂತೆಯಿಂದ ಅಭ್ಯಾಸ ಮಾಡುತ್ತಾರೆ. ಸೋತರೂ ಮರುದಿನದ ಸುದ್ದಿ ಕೋಚ್ ಹೇಳಿದ ಮಾತು, ಪೆನಾಲ್ಟಿ ತಪ್ಪಿಸಿದ ಹುಡುಗನಲ್ಲ.

ನಾನು ಇದನ್ನು ತಾಳಮದ್ದಳೆಯ ಹಾಗೆ ನೋಡುತ್ತೇನೆ. ಅರ್ಥಧಾರಿ ಕೌರವನಾಗಿ ಕೂತ ಮೇಲೆ ಕೃಷ್ಣನ ಮಾತಿಗೆ ತಲೆಬಾಗಿದರೆ ಪ್ರಸಂಗವೇ ಇಲ್ಲ. ಕೆಣಕಬೇಕು, ಚುಚ್ಚಬೇಕು, ಎದುರಿನವನಿಂದ ಒಳ್ಳೆಯ ಮಾತು ಹೊರಡಿಸಬೇಕು. ಬೆಳಿಗ್ಗೆ ಇಬ್ಬರೂ ಒಂದೇ ಬೆಂಚಿನಲ್ಲಿ ಚಾ ಕುಡಿಯುತ್ತಾರೆ. ಇಬ್ಬರ ಎದುರೂ ಮೈಕ್ ಇದೆ, ಇಬ್ಬರಿಗೂ ಮಾತು ಬರುತ್ತದೆ, ಆದ ಕಾರಣ ಅದು ಚಂದ. ಆದರೆ ಸೋಲುವ ಹೊತ್ತಿಗೆ ಒಬ್ಬ ಅರ್ಥಧಾರಿ ತಿರುಗಿ ಮದ್ದಳೆಯವರನ್ನು ಬೈದರೆ ಸಭೆ ಸಹಿಸುವುದಿಲ್ಲ. ಅವರ ಕೈಯಲ್ಲಿ ಮದ್ದಳೆ ಮಾತ್ರ ಇದೆ, ಉತ್ತರ ಕೊಡುವ ಅವಕಾಶ ಇಲ್ಲ. ಮೊರಿನ್ಯೊ ಬಗ್ಗೆ ನನ್ನ ಒಪ್ಪಿಗೆ ಎಲ್ಲಿಯವರೆಗೆ, ಎಲ್ಲಿಂದ ಇಲ್ಲ ಎನ್ನುವುದು ಇದರಲ್ಲೇ ಇದೆ.

ವೆಂಗರ್‌ಗೆ ಅವ ಹೇಳಿದ್ದನ್ನೆಲ್ಲ ಮರೆತಿರಾ?

ಮರೆತಿಲ್ಲ. 2005ರಲ್ಲಿ ವೆಂಗರ್ ಚೆಲ್ಸಿ ಬಗ್ಗೆ ಮಾತಾಡಿದಾಗ, ಪರರ ಮನೆಯೊಳಗೆ ಇಣುಕುವ ಚಟದವರು ಎಂಬರ್ಥದ ಮಾತು ಬಂತು. 2014ರ ಫೆಬ್ರುವರಿಯಲ್ಲಿ ‘ಸೋಲುವುದರಲ್ಲಿ ಪರಿಣತ’ ಎಂದರು. ನಾವು ಆಗ ಎಂಟೂವರೆ ವರ್ಷದಿಂದ ಕಪ್ ಇಲ್ಲದೆ ಇದ್ದವರು, ಆ ಮಾತು ಎದೆಗೆ ನಾಟಿತು. ಅದೇ ವರ್ಷ ಮೇ ತಿಂಗಳಲ್ಲಿ ನಾವು ಹಲ್ ವಿರುದ್ಧ ಎಫ್‌ಎ ಕಪ್ ಗೆದ್ದೆವು, ಚೆಲ್ಸಿಗೆ ಆ ಸಾಲಿನಲ್ಲಿ ಏನೂ ಸಿಗಲಿಲ್ಲ. ಅಕ್ಟೋಬರ್‌ನಲ್ಲಿ ವೆಂಗರ್ ಅವರಂಥ ವೆಂಗರ್ ಕೂಡ ಮೈದಾನದ ಬದಿಯಲ್ಲಿ ಅವರ ಎದೆಗೆ ಕೈ ಹಾಕಿ ದೂಡಿದರು. 13 ಪಂದ್ಯ ಗೆಲ್ಲಲಾಗದೆ, 14ನೆಯದರಲ್ಲಿ, 2015ರ ಆಗಸ್ಟ್ 2ರ ಕಮ್ಯೂನಿಟಿ ಶೀಲ್ಡ್‌ನಲ್ಲಿ 1-0. ಅವತ್ತು ನಾನು ಬೀದಿಯ ಮಕ್ಕಳಿಗೆಲ್ಲ ಐಸ್‌ಕ್ರೀಂ ಕೊಡಿಸಿದೆ.

ಇಷ್ಟೆಲ್ಲ ನೋವಾದರೂ ಇದನ್ನು ನಾನು ಅನ್ಯಾಯ ಎನ್ನುವುದಿಲ್ಲ. ವೆಂಗರ್ ಎದುರೂ ಮೈಕ್ ಇತ್ತು, ಅವರೂ ಉತ್ತರ ಕೊಟ್ಟರು. 2018ರ ಏಪ್ರಿಲ್‌ನಲ್ಲಿ ವೆಂಗರ್ ಕೊನೆಯ ಸಲ ಓಲ್ಡ್ ಟ್ರಾಫರ್ಡ್‌ಗೆ ಹೋದಾಗ ಅವರಿಗೆ ನೆನಪಿನ ಕಾಣಿಕೆ ಕೊಟ್ಟವರಲ್ಲಿ ಫರ್ಗ್ಯುಸನ್ ಜತೆ ಮೊರಿನ್ಯೊ ಕೂಡ ಇದ್ದರು.

ರೆಫರಿಗೆ ಬೈಯದ ಕೋಚ್ ಯಾರಿದ್ದಾರೆ ಹೇಳಿ? ಅವನನ್ನು ಮಾತ್ರ ಹಿಡಿಯುವುದು ಯಾಕೆ?

ಬೈಯುವುದು ಬೇರೆ, ಇಲ್ಲಿ ಆದದ್ದು ಬೇರೆ. ಮೂರು ಘಟನೆ ಹೇಳುತ್ತೇನೆ.

2005ರ ಫೆಬ್ರುವರಿಯಲ್ಲಿ ಬಾರ್ಸಿಲೋನಾದಲ್ಲಿ ಚೆಲ್ಸಿ ಸೋತ ಮೇಲೆ, ವಿರಾಮದ ಹೊತ್ತಿಗೆ ಬಾರ್ಸಾ ಕೋಚ್ ರೈಕಾರ್ಡ್ ರೆಫರಿ ಆಂಡರ್ಸ್ ಫ್ರಿಸ್ಕ್ ಅವರ ಕೋಣೆಗೆ ಹೋಗಿದ್ದರು ಎಂಬ ಆರೋಪ ಮಾಡಿದರು. ಫ್ರಿಸ್ಕ್‌ಗೆ ಕೊಲೆ ಬೆದರಿಕೆಗಳು ಬಂದವು. ಕುಟುಂಬಕ್ಕೆ ಹೆದರಿ, ಮುಂದಿನ ತಿಂಗಳು ಅವರು ಸೀಟಿಯನ್ನೇ ಬಿಟ್ಟರು. ಮೊರಿನ್ಯೊಗೆ ಸಿಕ್ಕಿದ್ದು ಎರಡು ಪಂದ್ಯದ ನಿಷೇಧ.

2015ರ ಆಗಸ್ಟ್ 8, ಚೆಲ್ಸಿ ಮತ್ತು ಸ್ವಾನ್ಸಿ, 2-2. ಕೊನೆಯ ಕ್ಷಣಗಳಲ್ಲಿ ಹಜಾರ್ಡ್ ಬಿದ್ದ, ರೆಫರಿ ಕೈ ಮಾಡಿ ಕರೆದರು, ತಂಡದ ವೈದ್ಯೆ ಇವಾ ಕಾರ್ನೆರೊ ಮತ್ತು ಫಿಸಿಯೊ ಓಡಿದರು. ಚಿಕಿತ್ಸೆ ಪಡೆದ ಆಟಗಾರ ಸ್ವಲ್ಪ ಹೊತ್ತು ಹೊರಗೆ ನಿಲ್ಲಬೇಕು ಎನ್ನುವುದು ನಿಯಮ. ಮೊದಲೇ ಒಬ್ಬ ಕಡಿಮೆ ಇದ್ದ ಚೆಲ್ಸಿ ಒಂಬತ್ತಕ್ಕೆ ಇಳಿಯಿತು. ಮೊರಿನ್ಯೊ ಎಲ್ಲರ ಎದುರು, ಇವರಿಗೆ ಆಟ ಅರ್ಥವಾಗುವುದಿಲ್ಲ ಎಂದರು. ನೋವಾದವನ ಬಳಿಗೆ ಓಡುವುದು ಡಾಕ್ಟರರ ಧರ್ಮ. ಪಂದ್ಯದ ದಿನದ ಕೆಲಸದಿಂದ ಹೊರಗಿಟ್ಟ ಮೇಲೆ ಆ ಮಹಿಳೆ ಕ್ಲಬ್ ಬಿಟ್ಟು ಕೇಸು ಹಾಕಿದರು. ಮರುವರ್ಷ ಪ್ರಕರಣ ರಾಜಿಯಲ್ಲಿ ಮುಗಿದಾಗ ಕ್ಲಬ್ ಬಹಿರಂಗವಾಗಿ ಅವರ ಕ್ಷಮೆ ಕೇಳಿತು.

2023ರ ಯುರೋಪಾ ಲೀಗ್ ಫೈನಲ್ ಬುಡಾಪೆಸ್ಟ್‌ನಲ್ಲಿ. ಪೆನಾಲ್ಟಿಯಲ್ಲಿ ಅವರ ರೋಮಾ ಸೆವಿಯಾಗೆ ಸೋತ ಮೇಲೆ ಅವರು ಕಾರ್ ನಿಲ್ಲಿಸುವ ಜಾಗದಲ್ಲಿ ಕಾದು ರೆಫರಿ ಆಂಟನಿ ಟೇಲರ್‌ಗೆ ಬೈದರು. ಮರುದಿನ ವಿಮಾನ ನಿಲ್ದಾಣದಲ್ಲಿ ಟೇಲರ್ ಮತ್ತು ಅವರ ಕುಟುಂಬವನ್ನು ರೋಮಾ ಅಭಿಮಾನಿಗಳು ಮುತ್ತಿಕೊಂಡರು, ಕುರ್ಚಿ ಹಾರಿತು.

ಈ ಮೂವರಿಗೂ ಮರುದಿನ ಮೈಕ್ ಮುಂದೆ ಕೂತು ಚುರುಕಾದ ಉತ್ತರ ಕೊಡುವ ದಾರಿ ಇರಲಿಲ್ಲ. ಚೆಲ್ಸಿ ಗೆಳೆಯರು ಎಷ್ಟೇ ವಾದ ಮಾಡಲಿ, ಇದನ್ನು ಜಾಣತನದ ಲೆಕ್ಕಕ್ಕೆ ಹಾಕಲು ನಾನು ಒಪ್ಪುವುದಿಲ್ಲ. 2011ರಲ್ಲಿ ಬಾರ್ಸಾದ ಸಹಾಯಕ ಕೋಚ್ ಟಿಟೊ ವಿಲನೋವಾ ಅವರ ಕಣ್ಣಿಗೆ ಹಿಂದಿನಿಂದ ಬೆರಳು ಹಾಕಿದ್ದೂ ಇದೇ ಸಾಲಿಗೆ ಸೇರಿದ್ದು.

## ಸ್ವಲ್ಪ ಆಳದ ಪ್ರಶ್ನೆಗಳು

ಮೂರನೇ ವರ್ಷ ಎಲ್ಲ ಕಡೆ ಅವ ಎಡವುವುದು ಯಾಕೆ?

‘ಎಲ್ಲ ಕಡೆ’ ಎನ್ನುವುದು ಪೂರ್ತಿ ಸರಿಯಲ್ಲ. ಚೆಲ್ಸಿಯ ಮೊದಲ ಸರದಿಯ ಮೂರನೇ ವರ್ಷ ಎರಡು ಕಪ್ ಬಂದವು. ಆಮೇಲಿನ ಸಾಲು ಮಾತ್ರ ಒಂದೇ ರೀತಿ. ರಿಯಲ್‌ನಲ್ಲಿ ಮೂರನೇ ವರ್ಷ ಕಸಿಯಾಸ್‌ನಂಥ ಹಿರಿಯ ಆಟಗಾರನ ಜತೆ ಮನಸ್ತಾಪ. ಚೆಲ್ಸಿಗೆ ಮರಳಿ 2015ರಲ್ಲಿ ಲೀಗ್ ಗೆದ್ದು, ಅದೇ ಡಿಸೆಂಬರ್‌ನಲ್ಲಿ ತಂಡ 16ನೇ ಸ್ಥಾನದಲ್ಲಿದ್ದಾಗ ಕೆಲಸ ಹೋಯಿತು. ಯುನೈಟೆಡ್‌ನಲ್ಲಿ 2018ರ ಡಿಸೆಂಬರ್. ರೋಮಾದಲ್ಲಿ 2024ರ ಜನವರಿ.

ನನ್ನ ಲೆಕ್ಕ ಹೀಗೆ. ನಮಗೆ ಹೊರಗೆ ಶತ್ರುಗಳಿದ್ದಾರೆ, ನಾವು ಒಟ್ಟಿಗೆ ನಿಲ್ಲಬೇಕು ಎನ್ನುವ ಬಿಸಿಯಲ್ಲಿ ಆಟಗಾರರು ಎರಡು ವರ್ಷ ಪ್ರಾಣ ಕೊಟ್ಟು ಆಡುತ್ತಾರೆ. ಮನುಷ್ಯರಿಗೆ ಅಷ್ಟೇ ಸಾಧ್ಯ. ಹೊರಗಿನ ಶತ್ರುಗಳ ಸುದ್ದಿ ಹಳತಾದಾಗ ಅವರ ಬೆರಳು ತಂಡದೊಳಗಿನವರ ಕಡೆಗೇ ತಿರುಗುತ್ತದೆ. ಇಂಟರ್ ನೆನಪು ಇವತ್ತಿಗೂ ಸಿಹಿಯಾಗಿ ಉಳಿದದ್ದಕ್ಕೆ ಅವರು ಎರಡೇ ವರ್ಷಕ್ಕೆ, ಶಿಖರದಲ್ಲಿದ್ದಾಗಲೇ ಅಲ್ಲಿಂದ ಹೊರಟದ್ದೂ ಒಂದು ಕಾರಣ.

ಕೊನೆಗೆ ದೊಡ್ಡವ ಯಾರು, ಗಾರ್ಡಿಯೊಲಾನಾ ಇವನಾ?

ಗಾರ್ಡಿಯೊಲಾ, 2010ರ ಆ ಬಾರ್ಸಾ ತಂಡದ ಕೋಚ್. ಇವತ್ತು ನೆಹರೂ ಮೈದಾನದಲ್ಲಿ ಹನ್ನೆರಡು ವರ್ಷದ ಗೋಲ್‌ಕೀಪರ್ ಕೂಡ ಚೆಂಡನ್ನು ದೂರ ಒದೆಯದೆ ಪಕ್ಕದವನಿಗೆ ಪಾಸ್ ಕೊಡಲು ನೋಡುತ್ತಾನೆ. ಆಟದ ರೂಪವನ್ನೇ ಬದಲಿಸಿದವರು ಅವರು. ಒಂದೇ ಒಂದು ಪಂದ್ಯ ಗೆಲ್ಲಲೇಬೇಕು, ನಮ್ಮ ತಂಡ ಸಣ್ಣದು ಎಂದಾದರೆ 2004ರ ಮೊರಿನ್ಯೊ ಅವರನ್ನು ಕರೆಯುತ್ತೇನೆ.

ಅವನ ಕಾಲ ಮುಗಿಯಿತು ಅಂತ ಹೇಳಬಹುದಾ?

ಅತ್ಯುತ್ತಮ ಕಾಲ ಮುಗಿದಿದೆ. ತಂಡಗಳೆಲ್ಲ ಮೇಲೆ ಬಂದು ಒತ್ತಡ ಹಾಕಲು ಕಲಿತ ಮೇಲೆ ಹಿಂದೆ ಕೂತು ಕಾಯುವ ಆಟಕ್ಕೆ ಉಸಿರಾಡುವ ಜಾಗ ಕಡಿಮೆಯಾಯಿತು. ಟಾಟನಮ್‌ನವರು 2021ರಲ್ಲಿ ಲೀಗ್ ಕಪ್ ಫೈನಲ್‌ಗೆ ಆರೇ ದಿನ ಇರುವಾಗ ಅವರನ್ನು ತೆಗೆದರು. ಟಾಟನಮ್ ನಮ್ಮ ಬದ್ಧ ಎದುರಾಳಿ, ಆದರೂ ಅವತ್ತು ನನಗೆ ಸಂತೋಷವಾಗಲಿಲ್ಲ. ಫೈನಲ್‌ಗೆ ಕರೆತಂದವರಿಗೆ ಫೈನಲ್ ಆಡಿಸುವ ಮರ್ಯಾದೆ ಕೊಡಬೇಕಿತ್ತು. ಮರುವರ್ಷ ಟಿರಾನಾದಲ್ಲಿ ಫೆಯೆನೂರ್ಡ್ ವಿರುದ್ಧ 1-0 ಗೆದ್ದು ರೋಮಾ ಕಾನ್ಫರೆನ್ಸ್ ಲೀಗ್ ಎತ್ತಿದಾಗ ಅವರು ಅತ್ತರು. ಎಲ್ಲ ಗೆದ್ದ ಮನುಷ್ಯ ಯುರೋಪಿನ ಮೂರನೇ ದರ್ಜೆಯ ಕಪ್‌ಗೆ ಅತ್ತದ್ದನ್ನು ನೋಡಿ ಅವರ ಮೇಲಿನ ನನ್ನ ಸಿಟ್ಟು ಸ್ವಲ್ಪ ಇಳಿಯಿತು. 2025ರ ಏಪ್ರಿಲ್‌ನಲ್ಲಿ ಗಲಾಟಸರಾಯ್ ಕೋಚ್‌ನ ಮೂಗು ಹಿಡಿದಾಗ ಮತ್ತೆ ಏರಿತು.

ಮೊರಿನ್ಯೊ ಮಾಡಿದ್ರೆ ಆಗ್ತದೆ, ನಾನು ಬಾಯಿ ಮಾಡಿದ್ರೆ ಆಗುವುದಿಲ್ವಾ?

ಇದನ್ನು ಕೇಳಿದವರು ನಮ್ಮೂರಿನ ಮಕ್ಕಳ ತಂಡದ ಒಬ್ಬ ಕೋಚ್. ಕೆಟ್ಟ ಮನುಷ್ಯ ಅಲ್ಲ, ತನ್ನ ಹಣದಲ್ಲೇ ಮಕ್ಕಳಿಗೆ ಬೂಟು ತೆಗೆದುಕೊಡುವವರು.

ಕಳೆದ ವರ್ಷ ಆಗಸ್ಟ್ ತಿಂಗಳು, ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಮೈದಾನದ ನಡುವೆ ಕೆಸರು, ಚೆಂಡು ಅಲ್ಲೇ ಹೂತು ನಿಲ್ಲುತ್ತಿತ್ತು. ರೆಫರಿ ಇಪ್ಪತ್ತರ ಆಸುಪಾಸಿನ ಹುಡುಗ. ಕೊನೆಯ ನಿಮಿಷದಲ್ಲಿ ಒಂದು ಹ್ಯಾಂಡ್‌ಬಾಲ್ ಅವನಿಗೆ ಕಾಣಲಿಲ್ಲ. ಕಾಣದ ಹಾಗೆ ಮೂರು ಮಕ್ಕಳು ಎದುರು ಇದ್ದರು, ನಾನು ಅದೇ ಬದಿಯಲ್ಲಿ ನಿಂತಿದ್ದೆ. ಕೋಚ್ ಗೆರೆ ದಾಟಿ ಒಳಗೆ ಹೋಗಿ, ಎಷ್ಟು ದುಡ್ಡು ತಕ್ಕೊಂಡಿದ್ದೀ ಎಂದು ಕೇಳಿದರು. ಹುಡುಗ ಏನೂ ಹೇಳಲಿಲ್ಲ. ಸೀಟಿಯನ್ನು ಅಂಗಿಯ ಅಂಚಿನಿಂದ ಒರೆಸುತ್ತಾ ನಿಂತ, ಒರೆಸಿದ್ದನ್ನೇ ಮತ್ತೆ ಒರೆಸಿದ. ಕೋಚ್ ಹಿಂದೆ ಹನ್ನೆರಡು ವರ್ಷದ ಎಂಟು ಮಕ್ಕಳು ಅದೇ ಮಾತನ್ನು ಹೇಳಲು ಶುರು ಮಾಡಿದರು.

ಅವತ್ತು ಸಂಜೆ ನಾನು ಅವರಿಗೆ ಹೇಳಿದ್ದು ಇಷ್ಟು: ಎದುರು ತಂಡದ ಕೋಚ್‌ನನ್ನು ಎಷ್ಟು ಬೇಕಾದರೂ ಕೆಣಕಿ, ಅವರಿಗೂ ಬಾಯಿ ಉಂಟು. ಮಕ್ಕಳ ಮೇಲೆ ಸೋಲಿನ ಭಾರ ಬೀಳದ ಹಾಗೆ ಬೈಗುಳವೆಲ್ಲ ನೀವೇ ಹೊತ್ತುಕೊಳ್ಳಿ, ಅದನ್ನು ಮೊರಿನ್ಯೊ ಅವರಿಂದ ಕಲಿಯಿರಿ. ಎದುರು ತಂಡವನ್ನು ಮುಂಚಿತವಾಗಿ ನೋಡಿ ಬರೆದುಕೊಳ್ಳುವುದನ್ನೂ ಕಲಿಯಿರಿ. ಆ ಹುಡುಗನ ಹತ್ತಿರ ಹೋಗಿ ಒಂದು ಮಾತು ಹೇಳಿ ಬನ್ನಿ. ಅವರು ಹೋದರು. ಅಷ್ಟು ಹೊತ್ತಿಗೆ ಅವನು ಬಸ್ ಹತ್ತಿ ಆಗಿತ್ತು.

ಈ ವರ್ಷ ಅವನು ಬರಲಿಲ್ಲ. ಸೀಟಿ ಊದಲು ಬೇರೆ ಜನ ಸಿಗದೆ ಮೊದಲ ದಿನ ಎರಡು ಮ್ಯಾಚ್ ತಡವಾಗಿ ಶುರುವಾದವು.